ಇಂಧನದ ಹಾದಿ

1903ನೆಯ ಇಸವಿ ಡಿಸೆಂಬರ್ 17ರಂದು ಅಮೆರಿಕದ ಕಿಟ್ಟಿ ಹಾಕ್ ಎಂಬ ಊರಿನ ಬಳಿಯ ಮರಳುದಿಣ್ಣೆಗಳಲ್ಲಿ ರೈಟ್ ಸಹೋದರರ ವಿಮಾನವು ಮೊದಲ ಬಾರಿಗೆ ನೆಲವನ್ನು ಬಿಟ್ಟು ಹನ್ನೆರಡು ಸೆಕೆಂಡುಗಳ ಕಾಲ ಹಾರಿತೆಂಬುದನ್ನು ನೀವೆಲ್ಲರೂ ಓದಿರುತ್ತೀರಿ. ಆ ಹಾರಾಟದ ಮಾತು ಬಂದಾಗ ರೆಕ್ಕೆಗಳನ್ನು ಕುರಿತೂ ಚುಕ್ಕಾಣಿಯನ್ನು ಕುರಿತೂ ಬಹಳವಾಗಿ ಹೇಳುವುದುಂಟು. ಎಂಜಿನನ್ನು ಕುರಿತು ಹೇಳುವವರು ಕಡಿಮೆ. ಸಹೋದರರ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಚಾರ್ಲ್ಸ್ ಟೇಲರ್ ಎಂಬ ಮೆಕ್ಯಾನಿಕನು ಅದನ್ನು ತನ್ನ ಕೈಯಾರೆ ತಯಾರಿಸಿದನು. ಅದರ ಸಾಮರ್ಥ್ಯ ಸುಮಾರು ಹನ್ನೆರಡು ಅಶ್ವಶಕ್ತಿ. ಅದಕ್ಕೆ ಇಂಧನದ ಪಂಪೂ ಇರಲಿಲ್ಲ, ಕಾರ್ಬ್ಯುರೇಟರೂ ಇರಲಿಲ್ಲ. ಮೇಲೆ ಕಟ್ಟಿದ್ದ ಪುಟ್ಟ ಡಬ್ಬಿಯಿಂದ ಪೆಟ್ರೋಲು ತನ್ನ ಭಾರದಿಂದಲೇ ಕೆಳಗಿಳಿದು ಬರುತ್ತಿತ್ತು. ಬಿಸಿಯಾದ ಎಂಜಿನಿನ ಮೇಲಿನ ತಟ್ಟೆಯಂಥ ಭಾಗದಲ್ಲಿ ಹರಡಿ ಆವಿಯಾಗುತ್ತಿತ್ತು. ಆವಿಯು ಗಾಳಿಯೊಡನೆ ಬೆರೆತು ಸಿಲಿಂಡರುಗಳೊಳಕ್ಕೆ ಹೋಗುತ್ತಿತ್ತು. ಹನ್ನೆರಡು ಸೆಕೆಂಡುಗಳ ಹಾರಾಟಕ್ಕೆ ಅಷ್ಟು ಸಾಕಾಯಿತು. ಗಂಟೆಗಟ್ಟಲೆ ಹಾರಬೇಕಾದ, ಒಂದೇ ಒಂದು ಎಂಜಿನನ್ನು ನಂಬಿಕೊಂಡು ಮನುಷ್ಯರನ್ನು ಹೊತ್ತೊಯ್ಯಬೇಕಾದ ವಿಮಾನಕ್ಕೆ ಅಷ್ಟು ಸಾಲದು.

ಏಕೆ ಸಾಲದೆಂಬುದನ್ನು ತಿಳಿಯಲು ಒಂದು ಲೆಕ್ಕವನ್ನು ನೋಡೋಣ. ಒಂದು ಕಿಲೋಗ್ರಾಮು ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಸುಮಾರು ಹದಿನೈದು ಕಿಲೋಗ್ರಾಮು ಗಾಳಿ ಬೇಕು. ಹದಿನೈದು ಕಿಲೋಗ್ರಾಮು ಗಾಳಿಯೆಂದರೆ ಒಂದು ಸಣ್ಣ ಕೋಣೆಯನ್ನು ತುಂಬುವಷ್ಟು ಗಾಳಿ. ಈ ಪ್ರಮಾಣ ತಪ್ಪಿದರೆ ಎಂಜಿನು ಮುನಿಯುತ್ತದೆ. ಪೆಟ್ರೋಲು ಹೆಚ್ಚಾದ ಮಿಶ್ರಣವನ್ನು ದಟ್ಟ ಮಿಶ್ರಣವೆಂದೂ ಕಡಿಮೆಯಾದುದನ್ನು ತೆಳು ಮಿಶ್ರಣವೆಂದೂ ಕರೆಯೋಣ. ದಟ್ಟ ಮಿಶ್ರಣವು ಹೊಗೆಯಾಡುತ್ತ, ಮಸಿ ಕಟ್ಟುತ್ತ ಉರಿಯುತ್ತದೆ. ತೀರ ತೆಳುವಾದ ಮಿಶ್ರಣವು ಉರಿಯದೆ ತಪ್ಪಿಸಿಕೊಳ್ಳುತ್ತದೆ. ಎರಡಕ್ಕೂ ನಡುವೆ, ಸರಿಪ್ರಮಾಣದ ಆಸುಪಾಸಿನಲ್ಲಿ, ಉರಿ ಅತ್ಯಂತ ಬಿಸಿಯಾಗಿರುತ್ತದೆ. ಈ ಕೊನೆಯ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಅದು ಬೇಕಾಗುತ್ತದೆ. ವಿಮಾನವು ನೆಲ ಬಿಟ್ಟು ಏರುವಾಗ ಎಂಜಿನು ತನ್ನ ಪೂರ್ಣ ಶಕ್ತಿಯಿಂದ ದುಡಿಯುತ್ತಿರುತ್ತದೆ. ಆಗ ಬೇಕೆಂದೇ ದಟ್ಟ ಮಿಶ್ರಣವನ್ನು ಕೊಡುತ್ತಾರೆ. ಹೆಚ್ಚಿನ ಪೆಟ್ರೋಲು ಉರಿಯುವುದಕ್ಕಲ್ಲ, ಉರಿಯ ಬಿಸಿಯನ್ನು ತಗ್ಗಿಸುವುದಕ್ಕೆ!

ರೈಟ್ ಸಹೋದರರ ಅನಂತರ ಬಹುಕಾಲ ವಿಮಾನಗಳಲ್ಲಿ ಈ ಕೆಲಸವನ್ನು ಕಾರ್ಬ್ಯುರೇಟರು ಮಾಡಿತು. ಕಿರಿದಾದ ಕೊರಳಿನ ಮೂಲಕ ಗಾಳಿ ರಭಸದಿಂದ ಹೋಗುವಾಗ ಅಲ್ಲಿ ಒತ್ತಡ ಇಳಿಯುತ್ತದೆ; ಆ ಇಳಿತವೇ ಪಕ್ಕದ ಬಟ್ಟಲಿನಿಂದ ಪೆಟ್ರೋಲನ್ನು ಮೇಲಕ್ಕೆ ಸೆಳೆದು ಗಾಳಿಯಲ್ಲಿ ಚದುರಿಸುತ್ತದೆ. ಸರಳವಾದ, ಜಾಣತನದ ಉಪಕರಣ. ಆದರೆ ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಅದರಿಂದ ಕಾರ್ಬ್ಯುರೇಟರಿನ ಕೊರಳು ಇಪ್ಪತ್ತು ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ತಣ್ಣಗಾಗಬಲ್ಲುದು. ಗಾಳಿಯಲ್ಲಿ ತೇವವಿದ್ದರೆ, ಹೊರಗೆ ಹಿತವಾದ ಬಿಸಿಲಿದ್ದರೂ ಕೊರಳಿನೊಳಗೆ ಮಂಜುಗಡ್ಡೆ ಬೆಳೆದು ಎಂಜಿನಿನ ಉಸಿರು ಕಟ್ಟುತ್ತದೆ.

ಎರಡನೆಯ ದೋಷವು ಯುದ್ಧದ ಕಾಲದಲ್ಲಿ ಎದ್ದು ಕಂಡಿತು. 1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಕಾದಾಡಿದ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳ ಮರ್ಲಿನ್ ಎಂಜಿನುಗಳಿಗೆ ಕಾರ್ಬ್ಯುರೇಟರಿತ್ತು. ಎದುರಾಳಿ ಜರ್ಮನರ ಮೆಸ್ಸರ್‌ಷ್ಮಿಟ್ 109 ವಿಮಾನದ ಎಂಜಿನಿಗೆ ಪೆಟ್ರೋಲನ್ನು ಪಂಪಿನಿಂದ ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ವ್ಯವಸ್ಥೆಯಿತ್ತು. ಜರ್ಮನ್ ವೈಮಾನಿಕನು ತಟ್ಟನೆ ಮೂತಿಯನ್ನು ಕೆಳಕ್ಕೆ ಬಾಗಿಸಿ ಧುಮುಕಿದರೆ, ಬೆನ್ನಟ್ಟಿದ ಸ್ಪಿಟ್‌ಫೈರಿನ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಬಟ್ಟಲಿನ ಮೇಲ್ಭಾಗಕ್ಕೆ ನುಗ್ಗಿ ಎಂಜಿನು ಕ್ಷಣಕಾಲ ಕೆಮ್ಮುತ್ತಿತ್ತು. ಮರುಕ್ಷಣವೇ ಅತಿಯಾದ ಪೆಟ್ರೋಲು ಹರಿದು ಉಸಿರುಗಟ್ಟುತ್ತಿತ್ತು. ಇದಕ್ಕೆ ತಾತ್ಕಾಲಿಕ ಪರಿಹಾರವನ್ನು ಕಂಡುಹಿಡಿದವರು ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರು. ಆಕೆ ಫಾರ್ನ್‌ಬರೊದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟಿನಲ್ಲಿ ಕೆಲಸ ಮಾಡುತ್ತಿದ್ದರು. ಮೋಟಾರ್ ಸೈಕಲ್ ಪಂದ್ಯಗಳಲ್ಲಿಯೂ ಹೆಸರಾಗಿದ್ದರು. ಆಕೆಯ ಪರಿಹಾರವೆಂದರೆ ಲೆಕ್ಕ ಹಾಕಿ ಕೊರೆದ ರಂಧ್ರವುಳ್ಳ ಒಂದು ಪುಟ್ಟ ಲೋಹದ ತಡೆ. ಎಂಜಿನಿಗೆ ಅತ್ಯಧಿಕವಾಗಿ ಎಷ್ಟು ಪೆಟ್ರೋಲು ಬೇಕೋ ಅಷ್ಟನ್ನೇ ಆ ರಂಧ್ರವು ಬಿಡುತ್ತಿತ್ತು. 1941ರ ಆರಂಭದಲ್ಲಿ ಆಕೆ ತಮ್ಮ ತಂಡದೊಡನೆ ಒಂದು ವಿಮಾನ ನೆಲೆಯಿಂದ ಇನ್ನೊಂದಕ್ಕೆ ಹೋಗಿ ಇದನ್ನು ಜೋಡಿಸಿದರು. ಒಂದು ರಂಧ್ರದ ಅಳತೆಯ ಮೇಲೆ ಎಷ್ಟು ಪ್ರಾಣಗಳು ನಿಂತಿರಬಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಂದಿನ ಅನೇಕ ಸಣ್ಣ ವಿಮಾನಗಳಲ್ಲಿ ಕಾರ್ಬ್ಯುರೇಟರಿನ ಬದಲು ಇಂಧನವನ್ನು ಚಿಮ್ಮಿಸುವ ವ್ಯವಸ್ಥೆಯಿದೆ. ಸೆಸ್ನಾ 172 ಎಂಬ ನಾಲ್ಕು ಆಸನಗಳ ವಿಮಾನವನ್ನೇ ತೆಗೆದುಕೊಳ್ಳಬಹುದು. ಜಗತ್ತಿನ ಎಷ್ಟೋ ವೈಮಾನಿಕರು ಅದರಲ್ಲಿಯೇ ಹಾರಲು ಕಲಿತಿದ್ದಾರೆ. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿಯೂ ಅದು ತರಬೇತಿಗೆ ಬಳಕೆಯಾಗಿದೆ. 1986ರಲ್ಲಿ ನಿಂತುಹೋಗಿದ್ದ ಇದರ ತಯಾರಿಕೆಯನ್ನು 1996ರಲ್ಲಿ ಮತ್ತೆ ಆರಂಭಿಸಿದಾಗ ಕಾರ್ಬ್ಯುರೇಟರನ್ನು ಕೈಬಿಟ್ಟು, ಇಂಧನ ಚಿಮ್ಮಿಸುವ ಲೈಕಮಿಂಗ್ ಎಂಜಿನನ್ನು ಅದಕ್ಕೆ ಅಳವಡಿಸಿದರು. ಎಡಕ್ಕೆ ಎರಡು, ಬಲಕ್ಕೆ ಎರಡು, ಹೀಗೆ ನಾಲ್ಕು ಸಿಲಿಂಡರುಗಳು ಮಲಗಿರುವ ಎಂಜಿನು ಅದು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು ರೂಪಿಸಿ 2021ರಲ್ಲಿ ಮೊದಲು ಹಾರಿಸಿದ ಹೊಸ ಹಂಸ ವಿಮಾನದಲ್ಲಿಯೂ ಚಿಮ್ಮಿಸುವ ವ್ಯವಸ್ಥೆಯೇ ಇದೆ. ಆದರೆ ಅದು ವಿದ್ಯುನ್ಮಾನದಿಂದ ನಡೆಯುವಂಥದು, ಅದರ ಕಥೆಯೇ ಬೇರೆ. ನಾವು ಇಲ್ಲಿ ನೋಡುವುದು ಗಾಳಿ, ಪೆಟ್ರೋಲು ಮತ್ತು ರಬ್ಬರಿನ ಪೊರೆಗಳ ಸಹಾಯದಿಂದಲೇ ನಡೆಯುವ ಸೆಸ್ನಾದ ವ್ಯವಸ್ಥೆಯನ್ನು.

ರೆಕ್ಕೆಗಳಲ್ಲಿರುವ ತೊಟ್ಟಿಗಳಿಂದ ಪೆಟ್ರೋಲು ಹೊರಟು, ಸೋಸುವ ಜಾಲರಿಯನ್ನು ದಾಟಿ ಪಂಪಿಗೆ ಬರುತ್ತದೆ. ಪಂಪು ಅದನ್ನು ಸರ್ವೋ ಎಂಬ ನಿಯಂತ್ರಕಕ್ಕೆ ತಳ್ಳುತ್ತದೆ. ಎಂಜಿನು ಈ ಕ್ಷಣದಲ್ಲಿ ಎಷ್ಟು ಗಾಳಿಯನ್ನು ಒಳಗೆಳೆದುಕೊಳ್ಳುತ್ತಿದೆ ಎಂಬುದನ್ನು ಸರ್ವೋ ತನ್ನ ಪೊರೆಯ ಮೇಲೆ ಬೀಳುವ ಒತ್ತಡದಿಂದ ಅರಿತು, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಅಳೆದು ಬಿಡುತ್ತದೆ. ಅಳೆದ ಪೆಟ್ರೋಲು ಎಂಜಿನಿನ ನೆತ್ತಿಯ ಮೇಲಿರುವ ಹಂಚುಕವಾಟಕ್ಕೆ ಹೋಗುತ್ತದೆ. ಅಲ್ಲಿಂದ ನಾಲ್ಕು ತೆಳುವಾದ ಉಕ್ಕಿನ ಕೊಳವೆಗಳು ನಾಲ್ಕು ಸಿಲಿಂಡರುಗಳ ಕಡೆಗೆ ಚಾಚಿಕೊಂಡಿವೆ. ಈ ನೋಟವನ್ನು ಕಂಡು ಅಮೆರಿಕದ ಮೆಕ್ಯಾನಿಕರು ಹಂಚುಕವಾಟಕ್ಕೆ ಜೇಡವೆಂದು ಹೆಸರಿಟ್ಟಿದ್ದಾರೆ. ಪ್ರತಿಯೊಂದು ಕೊಳವೆಯ ತುದಿಯಲ್ಲಿಯೂ ಒಂದು ಹಿತ್ತಾಳೆಯ ನಾಜಲ್ ಉಂಟು. ಸಿಲಿಂಡರಿನೊಳಕ್ಕೆ ಗಾಳಿ ನುಗ್ಗುವ ಬಾಗಿಲಿನ ಬಳಿ ಅದು ಪೆಟ್ರೋಲನ್ನು ಎಡೆಬಿಡದೆ ಚಿಮ್ಮಿಸುತ್ತಿರುತ್ತದೆ.

ನಾಜಲ್ ನೋಡಲು ಬೆರಳಿನ ಒಂದು ಗೆಣ್ಣಿನಷ್ಟು ಇರಬಹುದು. ಅದರೊಳಗಿನ ರಂಧ್ರದ ವ್ಯಾಸ ಸುಮಾರು 0.7 ಮಿಲಿಮೀಟರು ಮಾತ್ರ. ವಿಮಾನವು ಸಾಧಾರಣ ವೇಗದಲ್ಲಿ ಸಾಗುವಾಗ ಗಂಟೆಗೆ ಮೂವತ್ತೆಂಟು ಲೀಟರಿನಷ್ಟು ಪೆಟ್ರೋಲನ್ನು ಕುಡಿಯುತ್ತದೆ. ಎಂದಮೇಲೆ ಒಂದೊಂದು ರಂಧ್ರದ ಮೂಲಕ ಗಂಟೆಗೆ ಒಂಬತ್ತೂವರೆ ಲೀಟರು ಹೋಗಬೇಕಾಯಿತು. ನಾಜಲ್ಲಿನ ಮಗ್ಗುಲಲ್ಲಿ ಗಾಳಿ ಸೇರಿಕೊಳ್ಳಲು ಇನ್ನೊಂದು ಕಂಡಿಯೂ ಇದೆ. ಆ ಗಾಳಿಯಲ್ಲಿ ಕಲೆತು ಪೆಟ್ರೋಲು ತುಂತುರಾಗಿ ಬೀಳುತ್ತದೆ.

ಇಷ್ಟು ಸಣ್ಣ ರಂಧ್ರದಲ್ಲಿ ಕಸ ಸಿಕ್ಕಿಕೊಳ್ಳುವುದು ಆಶ್ಚರ್ಯವಲ್ಲ. ಹಾದಿಯ ಮೊದಲಲ್ಲಿ ಜಾಲರಿಗಳಿವೆಯಲ್ಲ ಎಂದು ನೀವು ಕೇಳಬಹುದು. ಕಸವೆಲ್ಲ ತೊಟ್ಟಿಯಿಂದಲೇ ಬರುವುದಾಗಿದ್ದರೆ ಆ ಮಾತು ಒಪ್ಪತಕ್ಕುದೆ. ಆದರೆ ಜಾಲರಿಯನ್ನು ದಾಟಿದ ಮೇಲೂ ಕಸ ಹುಟ್ಟುತ್ತದೆ. ಹಳೆಯ ರಬ್ಬರ್ ಕೊಳವೆಯ ಒಳಮೈ ಸಿಪ್ಪೆಯೇಳಬಹುದು. ಹಿಂದೊಮ್ಮೆ ರಿಪೇರಿ ಮಾಡಿದವನು ಒರೆಸಿದ ಬಟ್ಟೆಯ ಎಳೆಯೋ, ತಿರುಪಿಗೆ ಸುತ್ತಿದ ಪಟ್ಟಿಯ ಚೂರೋ ಒಳಗೆ ಉಳಿದಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಎಂಜಿನನ್ನು ನಿಲ್ಲಿಸಿದ ಮೇಲೆ ಬಿಸಿ ಸಿಲಿಂಡರುಗಳ ಕಾವಿನಲ್ಲಿ ನಾಜಲ್ಲಿನೊಳಗೆ ಉಳಿದ ಪೆಟ್ರೋಲು ಆರಿಹೋಗಿ, ಮರದ ಅಂಟಿನಂಥ ಒಂದು ಕಂದು ಲೇಪ ಉಳಿಯುತ್ತದೆ. ದಿನವೂ ಒಂದಿಷ್ಟು, ಕಣ್ಣಿಗೆ ಕಾಣದಷ್ಟು. ಜಾಲರಿಯ ತಪ್ಪು ಇದರಲ್ಲಿ ಏನೂ ಇಲ್ಲ.

ಒಂದು ನಾಜಲ್ ಅರ್ಧ ಕಟ್ಟಿಕೊಂಡಿತೆಂದು ಇಟ್ಟುಕೊಳ್ಳೋಣ. ಆ ಸಿಲಿಂಡರಿಗೆ ಪೆಟ್ರೋಲು ಕಡಿಮೆಯಾಗುತ್ತದೆ. ಸರ್ವೋ ಮಾತ್ರ ಗಾಳಿಯನ್ನು ನೋಡಿ ಅಳೆಯುವುದೇ ಹೊರತು ನಾಜಲ್ಲಿನ ಕಷ್ಟವನ್ನು ಅರಿಯದು. ಅದು ಮೊದಲಿನಷ್ಟೇ ಪೆಟ್ರೋಲನ್ನು ಬಿಡುತ್ತಿರುತ್ತದೆ. ಹೀಗಾಗಿ ಒಂದರ ಪಾಲು ಉಳಿದ ಮೂರಕ್ಕೆ ಹಂಚಿಹೋಗುತ್ತದೆ. ಮೂರು ಸಿಲಿಂಡರುಗಳು ತುಸು ದಟ್ಟವಾಗಿ, ಒಂದು ತೆಳುವಾಗಿ ಉರಿಯತೊಡಗುತ್ತವೆ. ಬಲಗಳು ಸಮವಿಲ್ಲದುದರಿಂದ ಎಂಜಿನು ಕುಲುಕುತ್ತದೆ. ಅಪಾಯವಿರುವುದು ಕುಲುಕಾಟದಲ್ಲಿಯೇ ಅಲ್ಲ. ಪೂರ್ಣ ಶಕ್ತಿಯಲ್ಲಿ ಏರುವಾಗ ತಂಪಿಗಾಗಿ ದಟ್ಟ ಮಿಶ್ರಣವನ್ನು ಕೊಡುವರೆಂದು ಹೇಳಿದೆನಷ್ಟೆ. ಈ ಒಂದು ಸಿಲಿಂಡರಿಗೆ ಆ ರಕ್ಷಣೆ ತಪ್ಪಿಹೋಗುತ್ತದೆ. ಮಿಶ್ರಣವು ತೆಳುವಾಗುತ್ತ ಅತ್ಯಂತ ಬಿಸಿಯ ಪ್ರಮಾಣಕ್ಕೆ ಬಂದು ನಿಲ್ಲುತ್ತದೆ. ಆಗ ಉರಿ ಕ್ರಮವಾಗಿ ಹರಡುವುದರ ಬದಲು, ಉಳಿದ ಮಿಶ್ರಣವೆಲ್ಲ ಒಮ್ಮೆಲೇ ಸಿಡಿಯಬಹುದು. ಇದನ್ನು ಆಸ್ಫೋಟನವೆನ್ನುತ್ತಾರೆ. ಸುತ್ತಿಗೆಯ ಪೆಟ್ಟಿನಂತೆ ಬೀಳುವ ಈ ಸಿಡಿತಗಳು ಅಲ್ಪಕಾಲದಲ್ಲಿಯೇ ಪಿಸ್ಟನ್ನನ್ನು ತೂತುಮಾಡಬಲ್ಲವು. ನೆಲದಿಂದ ನೂರು ಮೀಟರು ಮೇಲೇರಿದ, ಒಂದೇ ಎಂಜಿನಿನ ವಿಮಾನಕ್ಕೆ ಆಗ ಹಿಂದಿರುಗಿ ಬರುವಷ್ಟು ಎತ್ತರವೂ ಇರುವುದಿಲ್ಲ.

ವಿಮಾನದಲ್ಲಿ ಇಂಧನದ ಹರಿವನ್ನು ತೋರಿಸುವ ಮಾಪಕ ಇದೆಯಷ್ಟೆ. ಹರಿವು ತಗ್ಗಿದರೆ ವೈಮಾನಿಕನಿಗೆ ತಿಳಿಯದೆ ಹೋದೀತೆ? ಸೋಜಿಗದ ಸಂಗತಿ ಇರುವುದು ಇಲ್ಲಿಯೇ. ಮುಳ್ಳಿನ ಮಾಪಕವಿರುವ ವಿಮಾನಗಳಲ್ಲಿ ಆ ಮುಳ್ಳು ವಾಸ್ತವವಾಗಿ ಹರಿವನ್ನು ಅಳೆಯುವುದಿಲ್ಲ. ಅದು ಅಳೆಯುವುದು ಹಂಚುಕವಾಟದಲ್ಲಿರುವ ಒತ್ತಡವನ್ನು. ನಾಲ್ಕೂ ರಂಧ್ರಗಳು ಶುದ್ಧವಾಗಿರುವಾಗ ಇಷ್ಟು ಒತ್ತಡಕ್ಕೆ ಇಷ್ಟು ಹರಿವು ಎಂದು ಲೆಕ್ಕ ಹಾಕಿ, ಒತ್ತಡದ ಮಾಪಕದ ಮೇಲೆ ಹರಿವಿನ ಅಂಕೆಗಳನ್ನು ಬರೆದಿರುತ್ತಾರೆ. ತೋಟಕ್ಕೆ ನೀರು ಬಿಡುವ ರಬ್ಬರ್ ಕೊಳವೆಯ ಬಾಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿ ನೋಡಿ. ಹೊರಬರುವ ನೀರು ಹೆಚ್ಚಲಿಲ್ಲ. ಆದರೆ ಬೆರಳಿನ ಹಿಂದೆ ಕೊಳವೆ ಬಿಗಿಯುತ್ತದೆ. ನಾಜಲ್ ಕಟ್ಟಿಕೊಂಡಾಗಲೂ ಹೀಗೆಯೇ. ಹಂಚುಕವಾಟದಲ್ಲಿ ಒತ್ತಡ ಏರುತ್ತದೆ, ಮುಳ್ಳು ಮೇಲಕ್ಕೆ ಹೋಗುತ್ತದೆ. ಒಂದು ಸಿಲಿಂಡರು ಹಸಿದಿರುವ ವೇಳೆಯಲ್ಲಿ ಮಾಪಕವು ‘ಪೆಟ್ರೋಲು ಹೆಚ್ಚಾಯಿತು’ ಎಂದು ಸಾರುತ್ತದೆ!

ಇದನ್ನು ಅರಿಯದ ವೈಮಾನಿಕನು ಏನು ಮಾಡಿಯಾನು? ಮಿಶ್ರಣ ದಟ್ಟವಾಗಿದೆ, ಆದುದರಿಂದಲೇ ಎಂಜಿನು ಕುಲುಕುತ್ತಿದೆ ಎಂದು ಬಗೆದು, ಮಿಶ್ರಣದ ಕೆಂಪು ಗುಬ್ಬಿಯನ್ನು ಹಿಂದಕ್ಕೆ ಎಳೆದು ಪೆಟ್ರೋಲನ್ನು ಇನ್ನೂ ಕಡಿಮೆ ಮಾಡಿಯಾನು. ಹಸಿದವನ ಎಲೆಯಿಂದಲೇ ಅನ್ನವನ್ನು ಎತ್ತಿದಂತಾಯಿತು. ಇತ್ತೀಚೆಗೆ ಬಂದಿರುವ, ಪರದೆಯ ಮೇಲೆ ಅಂಕೆಗಳನ್ನು ತೋರಿಸುವ ವಿಮಾನಗಳಲ್ಲಿ ಪೆಟ್ರೋಲಿನ ಹಾದಿಯಲ್ಲಿಯೇ ಪುಟ್ಟ ಚಕ್ರವೊಂದನ್ನಿಟ್ಟು ನಿಜವಾದ ಹರಿವನ್ನು ಅಳೆಯುತ್ತಾರೆ. ಆದರೆ ಅದೂ ಒಟ್ಟು ಹರಿವನ್ನಷ್ಟೇ ಹೇಳುತ್ತದೆ. ನಾಲ್ವರಲ್ಲಿ ಹಸಿದವರಾರೆಂಬುದನ್ನು ಹೇಳುವುದಿಲ್ಲ. ಅದಕ್ಕಾಗಿ ಪ್ರತಿಯೊಂದು ಸಿಲಿಂಡರಿನ ಬಿಸಿಯನ್ನೂ ಬೇರೆ ಬೇರೆಯಾಗಿ ನೋಡಬೇಕು.

ಹಾಗಾದರೆ ಕುಲುಕುವ ಎಂಜಿನೊಂದು ಕೆಲಸಗಾರರ ಮುಂದೆ ಬಂದು ನಿಂತಾಗ ಅವರು ಎಲ್ಲಿಂದ ಆರಂಭಿಸುತ್ತಾರೆ? ಒಳ್ಳೆಯ ಮೆಕ್ಯಾನಿಕನು ಮೊದಲು ಸ್ಪ್ಯಾನರನ್ನು ಮುಟ್ಟುವುದಿಲ್ಲ, ವೈಮಾನಿಕನನ್ನು ಪ್ರಶ್ನಿಸುತ್ತಾನೆ. ಕುಲುಕಾಟ ನಿಧಾನವಾಗಿ ತಿರುಗುವಾಗಲೋ, ವೇಗವಾಗಿ ತಿರುಗುವಾಗಲೋ? ಮುಂಜಾನೆಯ ಮೊದಲ ಹಾರಾಟದಲ್ಲೋ, ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿ ಮತ್ತೆ ಹೊರಟಾಗಲೋ? ಮುಳ್ಳು ಎಲ್ಲಿತ್ತು? ಈ ಪ್ರಶ್ನೆಗಳು ಮಾತಿಗಾಗಿ ಕೇಳುವ ಪ್ರಶ್ನೆಗಳಲ್ಲ. ಬೇಸಿಗೆಯ ಮಧ್ಯಾಹ್ನ ಎಂಜಿನನ್ನು ನಿಲ್ಲಿಸಿದಾಗ ಸಿಲಿಂಡರುಗಳ ಕಾವು ಮೇಲಕ್ಕೇರಿ, ಅವುಗಳ ಮೇಲೆ ಹಾದುಹೋಗುವ ತೆಳು ಕೊಳವೆಗಳಲ್ಲಿನ ಪೆಟ್ರೋಲು ಕುದಿದು ಆವಿಯಾಗುತ್ತದೆ. ಮತ್ತೆ ಚಾಲನೆ ಮಾಡಿದಾಗ ಎಂಜಿನು ತೊದಲುತ್ತದೆ; ತಂಪಾದ ಪೆಟ್ರೋಲು ಬಂದೊಡನೆ ಸರಿಹೋಗುತ್ತದೆ. ಅದು ಆವಿಯ ಉಪದ್ರವವೇ ಹೊರತು ಕಸದ್ದಲ್ಲ. ಅಂಥ ಎಂಜಿನಿನ ನಾಜಲ್ಲುಗಳನ್ನು ಬಿಚ್ಚುವುದು ವ್ಯರ್ಥ ಶ್ರಮ. ನಿಧಾನವಾಗಿ ತಿರುಗುವಾಗ ಮಾತ್ರ ಕುಲುಕಿದರೆ ಗುಮಾನಿ ಬೇರೆ ಕಡೆಗೆ ಹೋಗಬೇಕು. ಆ ವೇಗದಲ್ಲಿ ಪೆಟ್ರೋಲನ್ನು ಸಮನಾಗಿ ಹಂಚುವ ಹೊಣೆ ಬಹುಮಟ್ಟಿಗೆ ಹಂಚುಕವಾಟದ್ದು. ಗಾಳಿಯ ಕೊಳವೆಯ ಸಂದಿನಲ್ಲಿ ಸೋರಿಕೆಯಿದ್ದರೂ ಆಗಲೇ ಅದು ಹೆಚ್ಚು ಬಾಧಿಸುತ್ತದೆ. ಹೆಚ್ಚಿನ ಶಕ್ತಿಯಲ್ಲಿ ಕುಲುಕಾಟವಿದ್ದು ಮುಳ್ಳೂ ಮೇಲಿದ್ದರೆ, ನಾಜಲ್ಲುಗಳ ಸರದಿ.

ಇನ್ನೂ ಒಂದನ್ನು ಮೊದಲೇ ಕಳೆಯಬೇಕು. ವಿಮಾನದ ಎಂಜಿನಿನಲ್ಲಿ ಪ್ರತಿ ಸಿಲಿಂಡರಿಗೂ ಎರಡು ಸ್ಪಾರ್ಕ್ ಪ್ಲಗ್ಗುಗಳು; ಅವುಗಳಿಗೆ ಕಿಡಿಯನ್ನು ಕೊಡುವ ಮ್ಯಾಗ್ನೆಟೋಗಳೂ ಎರಡು. ಎಂಜಿನು ನಿಮಿಷಕ್ಕೆ 1800 ಸುತ್ತು ತಿರುಗುತ್ತಿರುವಾಗ ಒಂದೊಂದೇ ಮ್ಯಾಗ್ನೆಟೋದ ಮೇಲೆ ನಡೆಸಿ ನೋಡುತ್ತಾರೆ. ಆಗ ವೇಗ ಸ್ವಲ್ಪ ಇಳಿಯುವುದು ಸಹಜ. ಈ ವಿಮಾನದಲ್ಲಿ ಇಳಿತ 150 ಸುತ್ತುಗಳನ್ನು ಮೀರಬಾರದು. ಒಂದು ಮ್ಯಾಗ್ನೆಟೋದಲ್ಲಿ ಮಾತ್ರ ಕುಲುಕಾಟ ಹೆಚ್ಚಿದರೆ ದೋಷ ಕಿಡಿಯ ಕಡೆಯದು. ಎರಡರಲ್ಲಿಯೂ ಒಂದೇ ತೆರನಾಗಿ ಕುಲುಕಿದರೆ ಇಂಧನದ ಹಾದಿಯನ್ನು ಹುಡುಕಬೇಕು.

ಬಳಿಕ ಮೂತಿಯ ಮೇಲಿನ ತಗಡಿನ ಹೊದಿಕೆಯನ್ನು ತೆಗೆಯುತ್ತಾರೆ. ಸಣ್ಣ ವಿಮಾನಗಳಿಗೆ ಬಳಸುವ ಪೆಟ್ರೋಲಿಗೆ ನೀಲಿ ಬಣ್ಣವನ್ನು ಬೆರೆಸಿರುತ್ತಾರೆ. ಬಣ್ಣ ಬೆರೆಸುವುದು ಯಾವ ಬಗೆಯ ಇಂಧನವೆಂದು ಗುರುತಿಸಲಿಕ್ಕೆ. ಆದರೆ ಮೆಕ್ಯಾನಿಕನಿಗೆ ಅದು ಬೇರೊಂದು ಉಪಕಾರವನ್ನೂ ಮಾಡುತ್ತದೆ. ನಾಜಲ್ಲಿನ ತುದಿ ಕಟ್ಟಿಕೊಂಡರೆ, ಹೋಗಲು ದಾರಿಯಿಲ್ಲದ ಪೆಟ್ರೋಲು ಮಗ್ಗುಲಿನ ಗಾಳಿಯ ಕಂಡಿಯಿಂದ ಹೊರಕ್ಕೆ ಉಕ್ಕಿ ನಾಜಲ್ಲಿನ ಬುಡದಲ್ಲಿ ನೀಲಿಯ ಕಲೆಯಾಗಿ ಒಣಗುತ್ತದೆ. ನಾಲ್ಕು ನಾಜಲ್ಲುಗಳಲ್ಲಿ ಒಂದರ ಬುಡ ಮಾತ್ರ ನೀಲಿಯಾಗಿದ್ದರೆ ಅರ್ಧ ಉತ್ತರ ದೊರೆತಂತೆಯೇ.

ಉಳಿದ ಅರ್ಧಕ್ಕಾಗಿ ಒಂದು ಪರೀಕ್ಷೆಯಿದೆ. ನನಗೆ ತಿಳಿದಮಟ್ಟಿಗೆ ವಿಮಾನದ ರಿಪೇರಿಯಲ್ಲಿ ಇಷ್ಟು ಅಗ್ಗವಾದ, ಇಷ್ಟು ಸೊಗಸಾದ ಪರೀಕ್ಷೆ ಮತ್ತೊಂದಿಲ್ಲ. ಅದಕ್ಕೆ ಬೇಕಾದುವು ಒಂದೇ ಅಳತೆಯ ನಾಲ್ಕು ಗಾಜಿನ ಸೀಸೆಗಳು. ಅಮೆರಿಕದಲ್ಲಿ ಮಕ್ಕಳ ಆಹಾರ ತುಂಬಿ ಬರುವ ಪುಟ್ಟ ಸೀಸೆಗಳನ್ನು ಇದಕ್ಕೆ ಬಳಸುವುದು ರೂಢಿ. ನಾಜಲ್ಲುಗಳನ್ನು ಸಿಲಿಂಡರುಗಳಿಂದ ಬಿಚ್ಚಿ, ತಮ್ಮ ತಮ್ಮ ಕೊಳವೆಗಳಿಗೆ ಮತ್ತೆ ಜೋಡಿಸಿ, ಒಂದೊಂದನ್ನು ಒಂದೊಂದು ಸೀಸೆಯೊಳಗೆ ಇಳಿಬಿಡುತ್ತಾರೆ. ಎಂಜಿನನ್ನು ಚಾಲನೆ ಮಾಡುವುದಿಲ್ಲ. ಮ್ಯಾಗ್ನೆಟೋಗಳು ಬಂದಾಗಿರಬೇಕು, ವಿಮಾನದ ಮೈಯನ್ನು ತಂತಿಯಿಂದ ನೆಲಕ್ಕೆ ಜೋಡಿಸಿರಬೇಕು, ಹತ್ತಿರದಲ್ಲಿ ಬೆಂಕಿಯ ಸುಳಿವೂ ಇರಬಾರದು. ಥ್ರಾಟಲನ್ನು ಪೂರ್ತಿ ತೆರೆದು, ಮಿಶ್ರಣದ ಗುಬ್ಬಿಯನ್ನು ದಟ್ಟದ ಕಡೆಗೆ ದೂಡಿ, ವಿದ್ಯುತ್ ಪಂಪನ್ನು ಸ್ವಲ್ಪ ಹೊತ್ತು ನಡೆಸಿ ನಿಲ್ಲಿಸುತ್ತಾರೆ. ನಾಲ್ಕೂ ಸೀಸೆಗಳನ್ನು ಸಮತಟ್ಟಾದ ಹಲಗೆಯ ಮೇಲೆ ಸಾಲಾಗಿ ಇರಿಸಿದರೆ ಸಾಕು. ಮೂರರಲ್ಲಿ ನೀಲಿ ಪೆಟ್ರೋಲು ಒಂದೇ ಮಟ್ಟಕ್ಕೆ ನಿಂತು ನಾಲ್ಕನೆಯದರಲ್ಲಿ ಅರ್ಧಕ್ಕಿದ್ದರೆ, ದೋಷ ಯಾವ ಹಾದಿಯಲ್ಲಿದೆಯೆಂಬುದನ್ನು ಮಗುವೂ ಬೆರಳಿಟ್ಟು ತೋರಿಸಬಹುದು. ಕಟ್ಟಿಕೊಂಡದ್ದು ಒಂದೇ ಆದರೆ ಉಳಿದ ಮೂರರ ಮಟ್ಟ ಮಾಮೂಲಿಗಿಂತ ತುಸು ಮೇಲಿರುವುದೂ ಉಂಟು. ಕಾರಣವನ್ನು ನೀವಾಗಿಯೇ ಹೇಳಬಲ್ಲಿರಿ.

ಹಾದಿ ತಿಳಿಯಿತು. ಆದರೆ ಹಾದಿಯಲ್ಲಿ ಮೂರು ಎಡೆಗಳುಂಟು: ಹಂಚುಕವಾಟದ ಬಾಯಿ, ಕೊಳವೆ, ನಾಜಲ್. ಇವುಗಳಲ್ಲಿ ಕಟ್ಟಿಕೊಂಡದ್ದು ಯಾವುದು? ಮೂರನ್ನೂ ಒಟ್ಟಿಗೆ ಬಿಚ್ಚಿ ತೊಳೆದರೆ ಕೆಲಸ ಮುಗಿಯಿತಲ್ಲ ಎನ್ನುವವರಿದ್ದಾರೆ. ಹಾಗೆ ಮಾಡಿದರೆ ಎಂಜಿನು ಸರಿಹೋದರೂ ಏಕೆ ಸರಿಹೋಯಿತೆಂದು ತಿಳಿಯುವುದಿಲ್ಲ. ಮುಂದಿನ ವಾರ ಮತ್ತೆ ಕೆಟ್ಟರೆ ಮೊದಲಿನ ಕತ್ತಲೆಯೇ. ಬಲ್ಲವರು ಒಂದನ್ನೇ ಬದಲಿಸುತ್ತಾರೆ. ಕಡಿಮೆ ಸುರಿದ ನಾಜಲ್ಲನ್ನು ಪಕ್ಕದ ಕೊಳವೆಗೂ, ಪಕ್ಕದ ನಾಜಲ್ಲನ್ನು ಈ ಕೊಳವೆಗೂ ಹಾಕಿ ಪರೀಕ್ಷೆಯನ್ನು ಮತ್ತೆ ನಡೆಸುತ್ತಾರೆ. ಕೊರತೆಯು ನಾಜಲ್ಲಿನ ಜೊತೆಯಲ್ಲಿ ಹೊಸ ಕೊಳವೆಗೆ ಹೋಯಿತೆಂದರೆ ದೋಷ ನಾಜಲ್ಲಿನದು. ಕೊರತೆ ಹಳೆಯ ಜಾಗದಲ್ಲಿಯೇ ಉಳಿಯಿತೆಂದರೆ ನಾಜಲ್ ನಿರಪರಾಧಿ. ಕೊಳವೆಯನ್ನೂ ಹಂಚುಕವಾಟವನ್ನೂ ನೋಡಬೇಕು. ನಿಮ್ಮ ವಿಜ್ಞಾನದ ಪ್ರಯೋಗಶಾಲೆಯಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿರೆಂದು ಅಧ್ಯಾಪಕರು ಹೇಳುವುದೂ ಇದನ್ನೇ.

ದೋಷ ನಾಜಲ್ಲಿನದೆಂದು ಖಚಿತವಾದ ಮೇಲೆ ಅದನ್ನು ತೊಳೆಯುವ ಕೆಲಸ. ಕಂದು ಲೇಪವು ನೀರಿಗೆ ಬಿಡುವಂಥದಲ್ಲ. ಅಸಿಟೋನಿನಲ್ಲಿಯೋ, ಬಂದೂಕಿನ ನಳಿಗೆಯನ್ನು ಶುಚಿಮಾಡಲು ಬಳಸುವ ದ್ರಾವಕದಲ್ಲಿಯೋ ನಾಜಲ್ಲನ್ನು ನೆನೆಹಾಕುತ್ತಾರೆ. ಲೇಪವು ಸಡಿಲಗೊಂಡ ಮೇಲೆ ಹೊರತೆಗೆದು, ಶುದ್ಧವೂ ಒಣಗಿದ್ದೂ ಆದ ಗಾಳಿಯನ್ನು ಪೆಟ್ರೋಲು ಹರಿಯುವ ದಿಕ್ಕಿಗೆ ವಿರುದ್ಧವಾಗಿ ಊದುತ್ತಾರೆ. ಬಂದ ದಾರಿಯಲ್ಲಿಯೇ ಕಸ ಹಿಂದಕ್ಕೆ ಹೋಗುತ್ತದೆ. ಅನಂತರ ಬೆಳಕಿಗೆ ಹಿಡಿದು ನೋಡಿದರೆ ರಂಧ್ರವು ದುಂಡಗೆ, ಅಂಚು ಚೂಪಾಗಿ ಕಾಣಬೇಕು.

ಇಷ್ಟು ಸಣ್ಣ ತೂತಿಗೆ ಒಂದು ತಂತಿಯನ್ನು ತೂರಿಸಿದರೆ ಕ್ಷಣದಲ್ಲಿ ಮುಗಿಯುವ ಕೆಲಸಕ್ಕೆ ಇಷ್ಟೆಲ್ಲ ಏಕೆ ಎಂದು ತೋರಬಹುದು. ಸೀಮೆಎಣ್ಣೆಯ ಪಂಪ್ ಸ್ಟವ್ವಿನ ತೂತನ್ನು ಪಿನ್ನಿನಿಂದ ಚುಚ್ಚಿ ಬಿಡಿಸುವುದನ್ನು ಹಿರಿಯರು ನೋಡಿಯೇ ಇದ್ದಾರೆ. ವಿಮಾನದ ನಾಜಲ್ಲಿಗೆ ತಂತಿ, ಸೂಜಿ, ಲೋಹದ ಬ್ರಷ್ಷು ಯಾವುದೂ ತಾಗಕೂಡದೆಂದು ಎಂಜಿನು ತಯಾರಿಸಿದವರ ಕಟ್ಟಪ್ಪಣೆ. ಕಾರಣ ಗಣಿತದಲ್ಲಿದೆ. ಹಿತ್ತಾಳೆ ಮೃದುವಾದ ಲೋಹ. ಉಕ್ಕಿನ ತಂತಿ ಅದನ್ನು ಸುಲಭವಾಗಿ ಕೆರೆಯುತ್ತದೆ. 0.70 ಮಿಲಿಮೀಟರಿನ ರಂಧ್ರವು ಕೆರೆದು 0.75 ಆಯಿತೆನ್ನಿ. ವ್ಯಾಸ ಹೆಚ್ಚಿದ್ದು ನೂರಕ್ಕೆ ಏಳು ಪಾಲು. ಆದರೆ ವೃತ್ತದ ಕ್ಷೇತ್ರಫಲವು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ ರಂಧ್ರದ ಬಾಯಿ ನೂರಕ್ಕೆ ಹದಿನೈದು ಪಾಲು ಹಿರಿದಾಯಿತು. ಹರಿವೂ ಆ ಪ್ರಮಾಣದಲ್ಲಿಯೇ ಏರಿತು. ನಿನ್ನೆ ಹಸಿದಿದ್ದ ಸಿಲಿಂಡರು ಇಂದು ಉಳಿದ ಮೂರರ ಪಾಲನ್ನು ಕಬಳಿಸತೊಡಗುತ್ತದೆ. ಕಸವನ್ನು ತೆಗೆಯಬಹುದು, ಕೆರೆದುಹೋದ ಹಿತ್ತಾಳೆಯನ್ನು ಮತ್ತೆ ತುಂಬಲಾಗದು. ಅಂಥ ನಾಜಲ್ಲನ್ನು ಎಸೆಯುವುದೊಂದೇ ದಾರಿ.

ಮರಳಿ ಜೋಡಿಸುವಾಗಲೂ ಗಮನಿಸಬೇಕಾದುವು ಹಲವಿವೆ. ಪರೀಕ್ಷೆಗಾಗಿ ಅದಲುಬದಲು ಮಾಡಿದ ನಾಜಲ್ಲುಗಳು ತಮ್ಮ ತಮ್ಮ ಸಿಲಿಂಡರಿಗೆ ಹಿಂದಿರುಗಬೇಕು. ಮಗ್ಗುಲಿನ ಗಾಳಿಯ ಕಂಡಿ ಮೇಲ್ಮುಖವಾಗಿರಬೇಕು. ಕೆಳಮುಖವಾದರೆ ಎಂಜಿನು ನಿಂತ ಮೇಲೆ ಕೊಳವೆಯಲ್ಲಿ ಉಳಿದ ಪೆಟ್ರೋಲು ಅದರಿಂದ ಬಿಸಿ ಸಿಲಿಂಡರಿನ ಮೇಲೆ ತೊಟ್ಟಿಕ್ಕುತ್ತದೆ. ಜೋಡಿಸಿದ ಮೇಲೆ ಆ ಕಂಡಿ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲವೆಂದು ತಯಾರಕರು ಅದರ ನೇರ ಎದುರಿನ ಮುಖದ ಮೇಲೆ ಒಂದು ಅಕ್ಷರವನ್ನು ಒತ್ತಿರುತ್ತಾರೆ. ಅಕ್ಷರ ಕೆಳಗಿದ್ದರೆ ಕಂಡಿ ಮೇಲಿದೆಯೆಂದು ಅರ್ಥ. ತಿರುಪುಗಳಿಗೆ ನೀರಿನ ನಲ್ಲಿಗೆ ಸುತ್ತುವಂಥ ಬಿಳಿಯ ಪಟ್ಟಿಯನ್ನು ಸುತ್ತಬಾರದು. ಅದರ ಎಳೆಯೇ ನಾಳಿನ ಕಸ. ಕೊಳವೆಗಳನ್ನು ಬಿಗಿಹಿಡಿಯುವ ಹಿಡಿಕೆಗಳನ್ನು ಮರೆಯಬಾರದು. ಹಿಡಿಕೆ ತಪ್ಪಿದ ಕೊಳವೆ ಎಂಜಿನಿನ ಅದುರಾಟಕ್ಕೆ ದಣಿದು ಬಿರಿಯುತ್ತದೆ, ಪೆಟ್ರೋಲು ಬಿಸಿ ಲೋಹದ ಮೇಲೆ ಚಿಮ್ಮುತ್ತದೆ. ಅಮೆರಿಕದ ವಿಮಾನಯಾನ ಆಡಳಿತವು ಲೈಕಮಿಂಗ್ ಎಂಜಿನುಗಳ ಈ ಕೊಳವೆಗಳನ್ನು ಕಾಲಕಾಲಕ್ಕೆ ತಪ್ಪದೆ ಪರೀಕ್ಷಿಸಬೇಕೆಂದು 2015ರಲ್ಲಿ ಮತ್ತೊಮ್ಮೆ ಆದೇಶಿಸಿದ್ದು ಇದೇ ಕಾರಣದಿಂದ.

ಎಲ್ಲವೂ ಜೋಡಣೆಯಾದ ಮೇಲೆ ವಿದ್ಯುತ್ ಪಂಪನ್ನು ನಡೆಸಿ, ಪ್ರತಿಯೊಂದು ಸಂದಿನಲ್ಲಿಯೂ ಒದ್ದೆಯಿದೆಯೇ ಎಂದು ಕಣ್ಣಿಟ್ಟು ನೋಡುತ್ತಾರೆ. ಬಳಿಕ ಎಂಜಿನನ್ನು ಬಿಸಿಮಾಡಿ, ನಿಧಾನಗತಿಗೆ ಇಳಿಸಿ, ಮಿಶ್ರಣದ ಗುಬ್ಬಿಯನ್ನು ಮೆಲ್ಲನೆ ಹಿಂದಕ್ಕೆ ಎಳೆಯುತ್ತಾರೆ. ನಿಲ್ಲುವ ಮುನ್ನ ಎಂಜಿನಿನ ವೇಗ ಒಂದಿಷ್ಟು ಏರಿ ಆಮೇಲೆ ಇಳಿಯಬೇಕು. ಏರಿಕೆ ಐವತ್ತು ಸುತ್ತುಗಳನ್ನು ಮೀರಿದರೆ ನಿಧಾನಗತಿಯ ಮಿಶ್ರಣ ಅತಿ ದಟ್ಟ. ಏರದೆಯೇ ಇಳಿದರೆ ಅತಿ ತೆಳು. ಪೂರ್ಣ ಶಕ್ತಿಯಲ್ಲಿ ನಡೆಸಿದಾಗ ಮುಳ್ಳು ತನ್ನ ಹಳೆಯ ಅಂಕೆಗೆ ಇಳಿದು ನಿಲ್ಲುತ್ತದೆ. ಈಗ ಅದರ ಮಾತನ್ನು ನಂಬಬಹುದು.

ಇವೆಲ್ಲವನ್ನೂ ಯಾರೆಂದರೆ ಅವರು ಮಾಡುವಂತಿಲ್ಲ. ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಿಂದ ಪರವಾನಗಿ ಪಡೆದ ಎಂಜಿನಿಯರನು ಕೆಲಸವನ್ನು ಪರಿಶೀಲಿಸಿ, ವಿಮಾನದ ದಾಖಲೆಯ ಪುಸ್ತಕದಲ್ಲಿ ಏನು ಕೆಟ್ಟಿತ್ತು, ಏನು ಮಾಡಲಾಯಿತು ಎಂಬುದನ್ನು ಬರೆದು ರುಜು ಹಾಕಬೇಕು. ಆ ರುಜುವಿಲ್ಲದೆ ವಿಮಾನ ಹಾರಕೂಡದು. ವಿಮಾನವನ್ನೇರುವ ವಿದ್ಯಾರ್ಥಿಯು ಆ ಎಂಜಿನಿಯರನನ್ನು ನೋಡಿಯೇ ಇರದಿರಬಹುದು. ಅವನು ನಂಬುವುದು ಆ ಒಂದು ರುಜುವನ್ನು.

ಪರೀಕ್ಷೆಗೆಂದು ಒಂದು ಸುತ್ತು ಹಾರಿ ಬಂದ ಮೇಲೆ ಹೊದಿಕೆಯನ್ನು ಮತ್ತೊಮ್ಮೆ ತೆಗೆದು, ನಾಲ್ಕೂ ನಾಜಲ್ಲುಗಳ ಬುಡದಲ್ಲಿ ಹೊಸದಾಗಿ ನೀಲಿ ಕಲೆ ಬಿದ್ದಿದೆಯೇ ಎಂದು ನೋಡುತ್ತಾರೆ. ಇಲ್ಲವೆಂದಾದರೆ ಹೊದಿಕೆಯನ್ನು ಮುಚ್ಚುತ್ತಾರೆ. ಸೀಸೆಗಳಲ್ಲಿ ಸಂಗ್ರಹವಾಗಿದ್ದ ಪೆಟ್ರೋಲು ಎಷ್ಟೇ ತಿಳಿಯಾಗಿ ಕಂಡರೂ ಅದನ್ನು ವಿಮಾನದ ತೊಟ್ಟಿಗೆ ಮರಳಿ ಸುರಿಯುವುದಿಲ್ಲ. ಅದಕ್ಕೆಂದೇ ಗುರುತು ಹಾಕಿಟ್ಟ ಬೇರೊಂದು ಡಬ್ಬಿಗೆ ಸುರಿಯುತ್ತಾರೆ.